ಪಿನ್ನು ತಿಂದುಹೋಗಿದೆ ಅಂದವರನ್ನು ಓಡಿಸಿದೆ

ಕಳೆದ ತಿಂಗಳು ಹೊಳಲಿನ ನಮ್ಮ ಗದ್ದೆಯಿಂದ ಒಬ್ಬರು ಒಳ್ಳೆಯ ಕೆಲಸಗಾರರನ್ನು ಓಡಿಸಿದೆ. ಅವರು ಮಾಡಿದ ತಪ್ಪೇನು ಗೊತ್ತೇ? ತಮ್ಮ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದರು.

ಹೆಸರು ಪುಟ್ಟಸ್ವಾಮಿ. ಚಿಕ್ಕರಸಿನಕೆರೆಯವರು, ಐವತ್ತು ದಾಟಿದೆ. ಸ್ವಂತ ಟ್ರ್ಯಾಕ್ಟರ್ ಇದೆ. ಅದರ ಹಿಂಬದಿಗೆ ಮಣ್ಣು ಅಗೆಯುವ ಬ್ಯಾಕ್‌ಹೋ ಕೂರಿಸಿಕೊಂಡಿದ್ದಾರೆ. ನಮ್ಮ ಭುಜ, ಮೊಣಕೈ, ಮಣಿಕಟ್ಟು ಮಡಚುವ ಹಾಗೆ ಮಡಚುವ ಕಬ್ಬಿಣದ ಕೈ, ತುದಿಯಲ್ಲಿ ಹಲ್ಲಿರುವ ಬಕೆಟ್. (ಊರೂರಲ್ಲಿ ಓಡಾಡುವ ದೊಡ್ಡ ಹಳದಿ ಗಾಡಿಯ ಬಡ ತಮ್ಮ ಅಂದುಕೊಳ್ಳಿ.)

ಬೋರ್‌ವೆಲ್‌ನಿಂದ ಕಬ್ಬಿನ ಗದ್ದೆಗೆ ಪೈಪ್‌ಲೈನ್ ಹಾಕಿಸಬೇಕಿತ್ತು. ಸೊಂಟದ ಆಳಕ್ಕೆ ಟ್ರೆಂಚ್ ಹೊಡೆಸಬೇಕು. ಮದ್ದೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದ ನನಗೆ ಬಿಡುವು ಸಿಗುವುದು ಭಾನುವಾರ ಮಾತ್ರ. ಪೈಪು ಬಂದು ಬಿದ್ದಿತ್ತು. ಪೈಪ್ ಇಳಿಸುವುದಕ್ಕೆ ನಾಲ್ಕು ಜನ ಕೂಲಿಯವರೂ ಬಂದಿದ್ದರು.

ಪುಟ್ಟಸ್ವಾಮಿ ಏಳಕ್ಕೆ ಬಂದರು. ಬಂದವರು ಅಗೆಯಲು ಶುರು ಮಾಡಲಿಲ್ಲ. ಬಕೆಟ್ಟನ್ನು ನೆಲಕ್ಕೆ ಊರಿ, ಎಂಜಿನ್ ಆಫ್ ಮಾಡಿ, ಗ್ರೀಸ್ ಗನ್ ಹಿಡಿದು ಇಳಿದರು. ಕೈ ಮಡಚುವ ಒಂದೊಂದು ಜಾಗಕ್ಕೂ ಹೋಗಿ ಬಟ್ಟೆಯಿಂದ ಮಣ್ಣು ಒರೆಸಿದರು, ಗ್ರೀಸ್ ಹೊಡೆದರು, ಹಳೆಯ ಕಪ್ಪು ಗ್ರೀಸ್ ಆಚೆ ಬಂದು ಹೊಸದು ಕಾಣಿಸುವವರೆಗೂ ಬಿಡಲಿಲ್ಲ. ನಾನು ಮೂರು ಸಲ ವಾಚ್ ನೋಡಿಕೊಂಡೆ.

ಆಮೇಲೆ ಬಕೆಟ್ಟನ್ನು ಆ ಕೈಗೆ ಪೋಣಿಸಿ ಹಿಡಿಯುವ ದಪ್ಪ ಉಕ್ಕಿನ ಪಿನ್ನಿನ ಪಕ್ಕದ ಸಂದಿಗೆ ಹಾರೆ ಕೊಟ್ಟು ಮೀಟಿದರು. ಬಕೆಟ್ಟು ಲಟಕ್ ಎಂದು ಅಲ್ಲಾಡಿತು. ಇನ್ನೊಂದು ಸಲ ಮೀಟಿದರು. ಹಾರೆ ಕೆಳಗಿಟ್ಟು ನನ್ನ ಹತ್ತಿರ ಬಂದರು.

"ಇವತ್ತು ಆಗಾಕಿಲ್ಲ ಮೇಷ್ಟ್ರೆ. ಪಿನ್ನು ತಿಂದೋಗದೆ. ಒಳ್ಗಡೆ ಬುಷ್ಷೂ ಓಗಿರಬೇಕು. ನೆನ್ನೆ ಇಸ್ಟು ಇರ್ನಿಲ್ಲ."

"ಒಂದು ದಿನಕ್ಕೆ ಏನಾಗುತ್ತೆ ಪುಟ್ಟಸ್ವಾಮಿ? ಇವತ್ತು ಅಗೆದುಬಿಡಿ, ನಾಳೆ ರಿಪೇರಿ ಮಾಡಿಸಿಕೊಳ್ಳಿ."

"ಆಗೋದು ಒಂದೇ ದಿನ್ದಲ್ಲೇ ಕಣ ಮೇಷ್ಟ್ರೆ."

ನನಗೆ ಪಿತ್ತ ನೆತ್ತಿಗೇರಿತು. ಆಗಲ್ಲ ಅನ್ನುವವರು ಒಪ್ಪಿಕೊಂಡಿದ್ದು ಯಾಕೆ, ಇಷ್ಟು ಜನರನ್ನು ಕೂರಿಸಿಕೊಂಡು ನಾನೇನು ಮಾಡಲಿ ಎಂದು ಎಲ್ಲರ ಮುಂದೆ ಕೂಗಾಡಿದೆ. ಇನ್ನು ನಮ್ಮ ಗದ್ದೆ ಕಡೆ ಬರಬೇಡಿ ಎಂದೂ ಹೇಳಿದೆ. ಅವರು ಬಕೆಟ್ಟು ಅಲ್ಲಾಡದ ಹಾಗೆ ಸರಪಳಿ ಬಿಗಿದು, ನಿಧಾನವಾಗಿ ಟ್ರ್ಯಾಕ್ಟರ್ ಹೊಡೆದುಕೊಂಡು ಹೋದರು.

ಒಂದೇ ಫೋನಿಗೆ ಇನ್ನೊಂದು ಗಾಡಿ ಸಿಕ್ಕಿತು. ಇಂಥದೇ ಟ್ರ್ಯಾಕ್ಟರ್, ಇಂಥದೇ ಬ್ಯಾಕ್‌ಹೋ. ಮಾಲೀಕ ಮದ್ದೂರಿನಲ್ಲಿ ಕೂತಿರುತ್ತಾನೆ, ಸಂಬಳದ ಡ್ರೈವರ್ ಬರುತ್ತಾನೆ. ಹತ್ತು ಗಂಟೆಗೆ ಬಂದ ಡ್ರೈವರ್ ಕೆಳಗೇ ಇಳಿಯದೆ ಬಕೆಟ್ಟನ್ನು ಮಣ್ಣಿಗಿಳಿಸಿದ. ನನಗೆ ಎಷ್ಟು ಖುಷಿಯಾಯಿತು ಅಂದರೆ, ಕೂಲಿಯವರಿಗೆ "ನೋಡಿ, ಕೆಲಸ ಅಂದರೆ ಹೀಗಿರಬೇಕು" ಎಂದುಬಿಟ್ಟೆ.

ಬಕೆಟ್ಟು ಮೇಲೇಳುವಾಗಲೆಲ್ಲ ಕಿರ್ರ್ ಎನ್ನುತ್ತಿತ್ತು. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು. ನಾನು ಎಂಟನೇ ಕ್ಲಾಸಿಗೆ ಘರ್ಷಣೆಯ ಪಾಠ ಮಾಡುವವನು. ಎರಡು ಮೇಲ್ಮೈಗಳು ಉಜ್ಜಿದರೆ ಸವೆಯುತ್ತವೆ ಎಂದು ಬೋರ್ಡಿನ ಮೇಲೆ ಬರೆದು ಮಕ್ಕಳ ಕೈಲಿ ಬಾಯಿಪಾಠ ಮಾಡಿಸುವವನು. ಅವತ್ತು ಆ ಸದ್ದು ಕೇಳಿಯೂ ಕೇಳದ ಹಾಗೆ ನಿಂತಿದ್ದೆ. ಮೊದಲೇ ಮೂರು ಗಂಟೆ ಲೇಟ್ ಆಗಿದೆ ನೋಡಿ.

ಸಾಲದ್ದಕ್ಕೆ ಇನ್ನೊಂದು ಬುದ್ಧಿವಂತಿಕೆ ಮಾಡಿದೆ. "ಪೂರ್ತಿ ಅಗೆಯೋವರೆಗೂ ಕಾಯಬೇಡಿ. ಅಗೆದಹಾಗೇ ಒಳಗಿಳಿದು ಮಟ್ಟ ಮಾಡಿಕೊಂಡು ಬನ್ನಿ" ಎಂದೆ. ಕೂಲಿಯವರಲ್ಲಿ ಒಬ್ಬರಾದ ಚಿಕ್ಕತಾಯಮ್ಮ ಗುದ್ದಲಿ ಹಿಡಿದು ಟ್ರೆಂಚಿಗಿಳಿದರು. ಹೊಳಲಿನವರೇ, ನಮ್ಮ ಗದ್ದೆ ಕೆಲಸಕ್ಕೆ ಹತ್ತಾರು ವರ್ಷದಿಂದ ಬರುತ್ತಿರುವವರು. ಬಕೆಟ್ಟಿನಿಂದ ಎರಡೇ ಹೆಜ್ಜೆ ಈಚೆಗೆ ನಿಂತು ಮಣ್ಣು ಕೆರೆಯುತ್ತಿದ್ದರು.

ಹನ್ನೊಂದೂವರೆ ಇರಬಹುದು. ಬಕೆಟ್ಟು ತುಂಬಿಕೊಂಡು ಮೇಲೆದ್ದಿತು. ಪಿನ್ನಿನ ಒಂದು ತುದಿ ರಂಧ್ರ ಬಿಟ್ಟು ಜಾರಿತು. ಬಕೆಟ್ಟು ಒಂದು ಪಕ್ಕಕ್ಕೆ ತಿರುಚಿಕೊಂಡು, ಮಣ್ಣಿನ ಸಮೇತ ಟ್ರೆಂಚಿನೊಳಗೆ ಬಿತ್ತು.

ಚಿಕ್ಕತಾಯಮ್ಮ ಹಿಂದಕ್ಕೆ ಹಾರಿದ್ದರು. ಎಡಗಾಲು ಮಾತ್ರ ಸಿಕ್ಕಿಕೊಂಡಿತು. ಅವರು ಕಿರುಚಿದ ಸದ್ದು ನನಗೆ ನೆನಪಿಲ್ಲ. ನೆನಪಿರುವುದು, ನಾವು ಐದು ಜನ ಬಕೆಟ್ಟು ಎತ್ತಲು ಒದ್ದಾಡುತ್ತಿದ್ದಾಗ ಅವರು ತೀರಾ ಮೆಲ್ಲಗೆ "ಬಿರ್ರನೆ ಎತ್ರಪ್ಪ, ಬಿರ್ರನೆ" ಎಂದಿದ್ದು.

ಕಾಲಡಿಯ ಮಣ್ಣು ಮೆತ್ತಗಿತ್ತು, ಅದಕ್ಕೇ ಕಾಲು ಉಳಿಯಿತು ಎಂದರು ಮಂಡ್ಯದ ಆಸ್ಪತ್ರೆಯ ಡಾಕ್ಟರು. ಎರಡು ಮೂಳೆ ಮುರಿದಿದ್ದವು. ಒಳಗೆ ರಾಡ್ ಹಾಕಿದರು.

ಸಂಜೆ ಗದ್ದೆಗೆ ವಾಪಸ್ ಹೋಗಿ ಆ ಪಿನ್ನನ್ನು ನೋಡಿದೆ. ಪಿನ್ನು ಜಾರದಂತೆ ಅದರ ತಲೆಗೆ ಅಡ್ಡಡ್ಡ ಒಂದು ಬೋಲ್ಟ್ ಇರಬೇಕು. ಬೋಲ್ಟ್ ಇರಲಿಲ್ಲ. ಅದರ ಬದಲು ಬಗ್ಗಿಸಿ ತುರುಕಿದ ವೆಲ್ಡಿಂಗ್ ಕಡ್ಡಿಯ ತುಂಡು, ಅದೂ ತುಂಡಾಗಿತ್ತು. ಗ್ರೀಸ್ ಹೋಗುವ ತೂತಿನಲ್ಲಿ ಒಣಗಿದ ಮಣ್ಣು ಸಿಮೆಂಟಿನ ಹಾಗೆ ಕೂತಿತ್ತು.

ಡ್ರೈವರ್ ಟ್ರ್ಯಾಕ್ಟರಿನ ನೆರಳಲ್ಲಿ ತಲೆ ತಗ್ಗಿಸಿ ಕೂತಿದ್ದ. "ಮಾಲೀಕ್ರಿಗೆ ನಾಕ್ ಸಲ ಏಳಿವ್ನಿ ಸಾ. ಈ ಕೆಲ್ಸ ಒಂದ್ ಮುಗೀಲಿ, ಈ ಕೆಲ್ಸ ಒಂದ್ ಮುಗೀಲಿ ಅಂತಾರೆ. ಗಾಡಿ ನಿಲ್ಸುದ್ರೆ ನಂಗೆ ಸಂಬ್ಳ ಇಲ್ಲ."

ಮಾಲೀಕನಿಗೆ ಫೋನ್ ಮಾಡಿದೆ. ಅವನ ಉತ್ತರ ಕೇಳಿ. "ಏನ್ ಮಾಡಾಕಾಯ್ತದೆ ಸಾ, ಆಯಮ್ಮನ ಗ್ರಹಚಾರ."

ಗ್ರಹಚಾರವಂತೆ. ಯಾವ ಗ್ರಹ ಬಂದು ಆ ಬೋಲ್ಟ್ ಬಿಚ್ಚಿಕೊಂಡು ಹೋಯಿತು? ಗ್ರೀಸ್ ಹೊಡೆಯಬೇಡ ಎಂದು ಹೇಳಿದ್ದು ಶನಿಯೋ, ರಾಹುವೋ? ಬಾಯಿಗೆ ಬಂದ ಹಾಗೆ ಬೈದು ಫೋನಿಟ್ಟೆ. ಪೊಲೀಸ್ ದೂರನ್ನೂ ಕೊಟ್ಟಿದ್ದೇನೆ. ಆದರೆ ದೂರು ಬರೆಯುವಾಗ ಒಂದು ಕಡೆ ಪೆನ್ನು ನಿಂತಿತು. ಚಿಕ್ಕತಾಯಮ್ಮನವರನ್ನು ಟ್ರೆಂಚಿಗೆ ಇಳಿಸಿದ್ದು ಯಾರು? ನಾನು. ಅದನ್ನೂ ಬರೆದೆ.

ಮೂರನೇ ದಿನ ಸ್ಕೂಲು ಬಿಟ್ಟ ಮೇಲೆ ಪುಟ್ಟಸ್ವಾಮಿಯವರನ್ನು ಹುಡುಕಿಕೊಂಡು ಹೋದೆ. ಸೋಮನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಸಿಕ್ಕಿದರು. ಬ್ಯಾಕ್‌ಹೋ ಬಿಚ್ಚಿ ಹರಡಿತ್ತು. ನಡೆದದ್ದನ್ನೆಲ್ಲ ಹೇಳಿದೆ. "ನಾನು ಏಳಿರ್ನಿಲ್ವಾ" ಎನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ.

"ಯಾವ್ ಪಿನ್ನು?" ಎಂದರು.

"ಬಕೆಟ್ಟಿಂದು."

ಬಟ್ಟೆಗೆ ಕೈ ಒರೆಸಿಕೊಂಡು ಎದ್ದರು. ಆಮೇಲೆ ತಮ್ಮ ಗಾಡಿಯ ಹಳೆಯ ಪಿನ್ನು ತಂದು ನನ್ನ ಕೈಗಿಟ್ಟರು. "ಉಗುರಲ್ಲಿ ಕೆರ್ದು ನೋಡಿ ಮೇಷ್ಟ್ರೆ." ನುಣ್ಣಗಿದ್ದ ಉಕ್ಕಿನ ಮಧ್ಯೆ ಉಗುರು ತಡೆದು ನಿಂತಿತು. ಅಲ್ಲಿ ಒಂದು ಮೆಟ್ಟಿಲಿನಷ್ಟು ಸವೆದಿತ್ತು. "ಇಸ್ಟೇ. ಇಸ್ಟು ಸವುದ್ರೆ ತೂತು ಮೊಟ್ಟೆ ಆಕಾರ ಆಯ್ತದೆ. ಆಮ್ಯಾಕೆ ಯಾವ್ ಪಿನ್ನು ಆಕುದ್ರೂ ನಿಲ್ಲಾಕಿಲ್ಲ."

ಪಿನ್ನು ಕೂರುವ ರಂಧ್ರಕ್ಕೆ ಒಳಗಡೆ ವೆಲ್ಡಿಂಗ್ ತುಂಬಿಸಿ, ಬೋರಿಂಗ್ ಮಷಿನ್ನಿನಲ್ಲಿ ಮತ್ತೆ ದುಂಡಗೆ ಕೊರೆಸುತ್ತಿದ್ದರು. ಅದಾದ ಮೇಲೆ ಒಳಗೆ ಕೂರುವ ಬಳೆಯಂಥ ಹೊಸ ಬುಷ್ಷು, ಹೊಸ ಪಿನ್ನು. ಎರಡು ದಿನದ ಕೆಲಸ. ವಾಷರ್ ಇಟ್ಟು ಬೆಸುಗೆ ಹಾಕಿದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತೆ, ಎಷ್ಟೋ ಜನ ಹಾಗೇ ಮಾಡಿಸಿಕೊಂಡು ಹೋಗುತ್ತಾರೆ ಎಂದ ವರ್ಕ್‌ಶಾಪಿನವನು.

"ಮಾಡುಸ್ತಾರೆ" ಎಂದರು ಪುಟ್ಟಸ್ವಾಮಿ. "ನೋಡೋರಿಗೆ ಕಾಣ್ಲಿ ಅಂತ ಮೇಲೆ ಗ್ರೀಸೂ ಬಳೀತಾರೆ. ಒಳೀಕ್ ಓಗ್ದೆ ಇದ್ರೆ ಅದು ಗ್ರೀಸಾ? ಆದ್ರೆ ಅವ್ರಿಗೆ ದಿನಾ ಕೆಲ್ಸ ಅದೆ ಮೇಷ್ಟ್ರೆ. ನಂಗಿಲ್ಲ. ಇವ್ನು ಬಂದ್ರೆ ಲೇಟು ಅಂತ ಜನ ಕರೆಯಾಕಿಲ್ಲ."

ಗಾಡಿ ನಿಲ್ಲಿಸಿ ರಿಪೇರಿ ಮಾಡಿಸುವವನು ಸೋಮಾರಿ. ಮುರಿಯುವವರೆಗೂ ಓಡಿಸುವವನು ಚುರುಕು. ಈ ಸರ್ಟಿಫಿಕೇಟ್ ಕೊಡುತ್ತಿರುವವರು ಯಾರು? ನಾವೇ ಅಲ್ಲವೇ? ಆ ಮಾಲೀಕ ಕೆಟ್ಟವನು, ಒಪ್ಪಿದೆ. ಅವನ ಗಾಡಿಗೆ ಫೋನ್ ಮೇಲೆ ಫೋನ್ ಮಾಡಿ ಅವನನ್ನು ಬೆಳೆಸಿದವರು ನನ್ನಂಥ, ನಿಮ್ಮಂಥ ಮರ್ಯಾದಸ್ಥರು. (ನಾನು ಹಾಗಲ್ಲ ಎನ್ನುವವರು ನೆನಪಿಸಿಕೊಳ್ಳಿ: ನಿಮ್ಮ ಮನೆ ಪಾಯ ತೆಗೆಯಲು ಬಂದ ಗಾಡಿಯ ಒಂದು ಪಿನ್ನನ್ನಾದರೂ ನೋಡಿದ್ದೀರಾ?)

ಮುಂದಿನ ವಾರ ಪುಟ್ಟಸ್ವಾಮಿಯವರೇ ಬಂದು ಉಳಿದ ಟ್ರೆಂಚ್ ಹೊಡೆದರು. ಬೇರೆಯವರಾಗಿದ್ದರೆ ಬರುತ್ತಿದ್ದರೋ ಇಲ್ಲವೋ. ಬಕೆಟ್ಟು ಆಡುವಷ್ಟು ದೂರಕ್ಕೆ ಕಾಲಲ್ಲಿ ಗೆರೆ ಎಳೆದು, ಇದರೊಳಗೆ ಯಾರೂ ಬರಕೂಡದು ಎಂದರು. ಬಕೆಟ್ಟು ಮೇಲೆ ಕೆಳಗೆ ಆಡುತ್ತಿತ್ತು, ಒಂದು ಸದ್ದಿಲ್ಲ.

ಚಿಕ್ಕತಾಯಮ್ಮ ಈಗ ಮನೆಯಲ್ಲಿದ್ದಾರೆ. ವಾಕರ್ ಹಿಡಿದು ಜಗುಲಿವರೆಗೂ ಬರುತ್ತಾರೆ. ಮೊನ್ನೆ ಹೋಗಿದ್ದಾಗ ನಾನು ಕ್ಷಮೆ ಕೇಳಿದೆ. ಅವರು ಸುಮ್ಮನೆ "ಬುಡಿ ಮೇಷ್ಟ್ರೆ" ಎಂದುಬಿಡುತ್ತಾರೆ ಅಂದುಕೊಂಡಿದ್ದೆ.

"ಇಳೀಬ್ಯಾಡ ಅಂತ ಒಂದ್ ಮಾತು ಯಾರಾದ್ರೂ ಅಂದಿದ್ರೆ ನಾನ್ ಇಳೀತಿರ್ನಿಲ್ಲ" ಎಂದರು.

ಸ್ಟಾಫ್ ರೂಮಿನಲ್ಲಿ ಇದನ್ನೆಲ್ಲ ಹೇಳಿದೆ. ಮಳವಳ್ಳಿ ಕಡೆಯ ಸಹೋದ್ಯೋಗಿಯೊಬ್ಬರು ಟೀ ಆರಿಹೋಗುವಷ್ಟು ಗಮನವಿಟ್ಟು ಕೇಳಿದರು, ಲೊಚಗುಟ್ಟಿದರು. ಕೊನೆಗೆ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ನಮ್ಮ ತೋಟದಲ್ಲೂ ಒಂದು ಪೈಪ್‌ಲೈನ್ ಕೆಲಸ ಇದೆ ಸಾರ್. ಪುಟ್ಟಸ್ವಾಮಿ ಬೇಡ, ಬೇಗ ಮುಗಿಸಿಕೊಡೋರು ಯಾರಾದರೂ ಇದ್ದರೆ ನಂಬರ್ ಕೊಡಿ" ಎಂದರು.

ಕೊಡುತ್ತೇನೆ ಸಾರ್, ಟ್ರೆಂಚಿನೊಳಗೆ ನೀವೇ ಇಳಿಯುವುದಾದರೆ.