ಉಪವಾಸ ಹಿಡಿದ ಗಿಡ

ಜರಡಿ ಆಡಿಸುವ ಝರ್ ಝರ್ ಸದ್ದು ಕಿವಿಗೆ ಬಿದ್ದರೆ ನನ್ನ ವಯಸ್ಸಿನ ಹೆಂಗಸರಿಗೆ ಜೋಳದ ಹಿಟ್ಟು ನೆನಪಾಗಬೇಕು. ನನಗೆ ನೆನಪಾಗುವುದು ಮಣ್ಣು. ನನ್ನ ಕಾನ್ವೆಂಟ್ ಗೆಳತಿ ಮೆಹರ್ ಹುಮನಾಬಾದಿನ ತನ್ನ ಮಾಳಿಗೆಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಕೆಂಪು ಮೊರಂ, ಅಂದರೆ ಗರಸು ಮಣ್ಣು, ಜರಡಿ ಹಿಡಿಯುತ್ತಿದ್ದಳು. ಪುಡಿಯೆಲ್ಲ ಉದುರಿ ಕಡಲೆಕಾಳಿನಷ್ಟು ಹರಳುಗಳು ಮಾತ್ರ ಉಳಿದಾಗ ಸದ್ದು ಬದಲಾಗುತ್ತಿತ್ತು, ಝರ್ ಹೋಗಿ ಕಟಕಟ ಆಗುತ್ತಿತ್ತು. “ಹಾಂ, ಈಗ ಆತು ನೋಡು,” ಎನ್ನುತ್ತಿದ್ದಳು. ನಾವೆಲ್ಲ ಹಿಟ್ಟು ಇಟ್ಟುಕೊಂಡು ಹೊಟ್ಟು ಎಸೆಯುವವರು. ಅವಳದು ಉಲ್ಟಾ.

ಅವಳ ಕಸುಬೆಲ್ಲ ಸಕ್ಯುಲೆಂಟ್ ಗಿಡಗಳದು, ಅಂದರೆ ಎಲೆಯಲ್ಲೇ ನೀರು ತುಂಬಿಟ್ಟುಕೊಳ್ಳುವ ದಪ್ಪ ಎಲೆಯ ಗಿಡಗಳು. ಲ್ಯಾಟಿನ್ನಿನಲ್ಲಿ ‘ಸುಕ್ಕುಸ್’ ಎಂದರೆ ರಸ ಎಂದು ನಮಗೆ ಬಾಟನಿ ಹೇಳುತ್ತಿದ್ದ ಸಿಸ್ಟರ್ ಕಲಿಸಿದ್ದರು. ಕನ್ನಡದಲ್ಲಿ ಏನನ್ನಬೇಕೋ ನನಗೆ ಇಂದಿಗೂ ಗೊತ್ತಿಲ್ಲ. ಬಸವಕಲ್ಯಾಣದಲ್ಲಿ ನನ್ನ ಜೊತೆಗಿರುವ ನಾದಿನಿ ನೀಲಮ್ಮ ಅವನ್ನು ‘ನಿಮ್ಮ ಗುಂಡಪ್ಪಗಳು’ ಎನ್ನುತ್ತಾಳೆ. ಇಂಗ್ಲಿಷ್ ಪುಸ್ತಕಗಳ ಪ್ರಕಾರ ಅವು ಹಾರ್ಡಿ, ಅಂದರೆ ಗಟ್ಟಿ ಜೀವ; ಬಿಸಿಲು, ಬರ, ಯಜಮಾನಿಯ ಮರೆವು ಎಲ್ಲವನ್ನೂ ತಡೆದುಕೊಳ್ಳುತ್ತವೆ. ಪ್ರೀತಿಯನ್ನು ತಡೆದುಕೊಳ್ಳುತ್ತವೆ ಎಂದು ಮಾತ್ರ ಯಾವ ಪುಸ್ತಕದಲ್ಲೂ ಬರೆದಿಲ್ಲ.

ನನ್ನ ಪ್ರೀತಿ ಮೊದಲು ಟೀಕಪ್ಪಿನ ರೂಪದಲ್ಲಿ ಬಂತು. ಬೋನ್ ಚೈನಾ ಕಪ್ಪಿನಲ್ಲಿ ಪುಟ್ಟ ಗಿಡ ಕೂತಿರುವ ಚಿತ್ರವನ್ನು ಫೋನಿನಲ್ಲಿ ನೋಡಿ, ಮೆಹರ್ ಕೊಟ್ಟ ಮರಿಗಳನ್ನು ನೆಡಲು ಗಾಜಿನ ಕಪಾಟಿನಿಂದ ಗುಲಾಬಿ ಚಿತ್ತಾರದ ಸೆಟ್ಟನ್ನೇ ಇಳಿಸಿದ್ದೆ. ಮೆಹರ್ ಬಂದವಳು ಕಪ್ಪನ್ನು ಎತ್ತಿ ತಳ ನೋಡಿದಳು.

“ವಿಮ್ಮಿ, ತೂತು ಎಲ್ಲಿ ಅದ?”

“ಕಪ್ಪಿಗೆ ಯಾರಾದರೂ ತೂತು ಕೊರೀತಾರೇನು?”

“ಹಂಗಾದ್ರ ಇದು ಕುಂಡ ಅಲ್ಲ, ಗೋರಿ ಅದ. ಮ್ಯಾಲ ಹೂವಿನ ಡಿಸೈನ್ ಬ್ಯಾರೆ.”

ಎರಡನೆಯದು ಮಣ್ಣು. ಕೊಹಿನೂರ ಎಂಬ ಹಳ್ಳಿಯಲ್ಲಿ ನಮ್ಮ ಮನೆತನದ ಹೊಲವಿದೆ, ಎಣ್ಣೆ ಹಚ್ಚಿದ ಹಾಗೆ ಮಿರುಗುವ ಎರೆಮಣ್ಣು. ಅಲ್ಲಿಯ ತೊಗರಿಯನ್ನು ಹೊಗಳದೆ ನೀಲಮ್ಮ ಬೇಳೆ ಕುದಿಸುವುದಿಲ್ಲ. ಗೆಳತಿ ಕೊಟ್ಟ ಗಿಡಕ್ಕೆ ಮನೆಯ ಮಣ್ಣಿಗಿಂತ ಒಳ್ಳೆಯದು ಯಾವುದಿದೆ ಎಂದು ಒಂದು ಚೀಲ ತರಿಸಿದೆ. ಒಂದು ಕಾಲಕ್ಕೆ ರಾಜಧಾನಿಯಾಗಿದ್ದ ಸೀಮೆ ನಮ್ಮದು. ಒಮ್ಮೆ ಕೈಗೆ ಸಿಕ್ಕದ್ದನ್ನು ಸುಲಭಕ್ಕೆ ಬಿಟ್ಟುಕೊಡದ ಗುಣ ಮಣ್ಣಿಗೂ ಇಳಿದಿರಬೇಕು. ನೀರು ಹಿಡಿದರೆ ಬಿಡಲೇ ಇಲ್ಲ. ಬೇರುಗಳು ಒಂದೊಂದಾಗಿ ಕೊಳೆತುಹೋದವು.

ಹೀಗಿರುವಾಗ ಮೆಹರ್‌ಳ ಕಣ್ಣು ಮಂಜಾಗತೊಡಗಿತು. ಒಬ್ಬಳೇ ಇರುವುದು ಬೇಡ ಎಂದು ತಂಗಿ ಹೈದರಾಬಾದಿಗೆ ಕರೆದಳು. ತಂಗಿಯ ಫ್ಲ್ಯಾಟಿಗೆ ಬಿಸಿಲು ಬರುವುದಿಲ್ಲ. ಉಳಿದ ಗಿಡಗಳನ್ನೆಲ್ಲ ಹಂಚಿದಳು, ಒಂದು ಹಾವರ್ತಿಯಾ ಮಾತ್ರ ಕೈ ಬಿಡಲೊಲ್ಲಳು. ಕಾನ್ವೆಂಟ್ ಬಿಡುವಾಗ ಅದೇ ಬಾಟನಿ ಸಿಸ್ಟರ್ ಅವಳ ಅಂಗೈಯಲ್ಲಿಟ್ಟ ಮರಿ ಅದು, ಕಡು ಹಸಿರು ಎಲೆಗೆ ಬಿಳಿ ಗೀರು. ಅದರ ಮರಿಗಳನ್ನು ನನಗೆ ಎಷ್ಟೋ ಸಲ ಕೊಟ್ಟಿದ್ದಳು. ಅವು ಏನಾದವೆಂದು ಹೇಳಿದ್ದೇನೆ. ಈಗ ತಾಯಿಗಿಡ ಒಂದೇ ಇತ್ತು.

“ನಿನಗೇ ಕೊಡಬೇಕಂತ ಮನಸದ. ಖರೆ, ನಿನ್ನ ಮನ್ಯಾಗ ಬದುಕ್ತದೇನು?” ಎಂದಳು. “ಒಂದು ಮಳಿಗಾಲ ಇಟ್ಟು ತೋರಿಸು. ಇಲ್ಲಂದ್ರ ಮಾಣಿಕನಗರದಾಗ ಹೂವು ಮಾರುವಾಕಿಗೆ ಕೊಟ್ಟು ಹೋಗ್ತೀನಿ.”

ಡಿಗ್ರಿ ಪರೀಕ್ಷೆಗೂ ನಾನು ಅಷ್ಟು ಹೆದರಿರಲಿಲ್ಲ. ಮೆರುಗಿಲ್ಲದ, ಅಗಲ ಬಾಯಿಯ ಗಿಡ್ಡ ಮಣ್ಣಿನ ಕುಂಡ ತಂದೆ, ಅದರ ಮೈಯೇ ಬೆವರಿ ನೀರು ಆರಿಸುತ್ತದೆ. ಅವಳ ಕೆಂಪು ಮೊರಂ ಎರಡು ಪಾಲು, ಹಳೆಯ ಗೋಡೆಯ ಇಟ್ಟಂಗಿ ಚೂರು ಒಂದು ಪಾಲು, ಎಲೆಗೊಬ್ಬರ ಒಂದು ಪಾಲು. ಎರೆಮಣ್ಣು ಚಿಟಿಕೆಯೂ ಇಲ್ಲ. ಮಳೆ ತಾಕದ ಹಾಗೆ ಪಡಸಾಲೆಯ ಅಂಚಿನಲ್ಲಿಟ್ಟೆ. ಎಲ್ಲವೂ ಸರಿಯಾಗಿತ್ತು, ನೀಲಮ್ಮನ ಪೂಜೆಯ ನೀರೊಂದನ್ನು ಬಿಟ್ಟು.

ನೀಲಮ್ಮ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಆ ನೀರನ್ನು ಯಾರೂ ತುಳಿಯಬಾರದೆಂದು ಗಿಡಗಳ ಬುಡಕ್ಕೆ ಹಂಚುತ್ತಾಳೆ. ಡ್ರೈನೇಜ್, ರೂಟ್ ರಾಟ್ ಎಂದು ನಾನು ಕೊಟ್ಟ ಲೆಕ್ಚರನ್ನು ಪೂರ್ತಿ ಕೇಳಿಸಿಕೊಂಡು, ಮರುದಿನ ಮತ್ತೆ ಹಾಕಿದಳು.

“ಹಂಗ ಹ್ಯಾಂಗ ಬಿಡಲ್ರಿ ವೈನಿ? ಎಲ್ಲಾರಿಗೂ ಬಡಿಸಿ ಪಂಕ್ತ್ಯಾಗ ಒಬ್ಬರಿಗೆ ಬಿಟ್ಟಂಗ ಆಗ್ತದ. ಅದೂ ಮಂದಿ ಮನಿ ಗಿಡ.”

ಬುಡದ ಎಲೆಯೊಂದು ಮೆತ್ತಗಾಯಿತು. ನಾನು ಗಾಬರಿಯಿಂದ ಫೋನು ಮಾಡಿದೆ. ಮರುದಿನವೇ ಬಸ್ಸಿನಲ್ಲಿ ಬಂದ ಮೆಹರ್ ನನ್ನನ್ನು ದಾಟಿ ನೇರ ನೀಲಮ್ಮನ ಹತ್ತಿರ ಹೋಗಿ ಕುಳಿತಳು.

“ನೀಲಕ್ಕ, ಇದು ಉಪವಾಸ ಹಿಡದದರಿ.”

“ಗಿಡಾನ? ಯಾವ ಉಪವಾಸ?”

“ನಮ್ಮ ರಂಜಾನ್ ರೋಜಾ ಇದ್ದಂಗ. ಮಳಿಗಾಲ ಪೂರ್ತಿ ಹಿಡೀತದ.”

“ನೀರೂ ಇಲ್ಲೇನು?”

“ನೀರೂ ಇಲ್ಲ.”

ನೀಲಮ್ಮ ಗಲ್ಲದ ಮೇಲೆ ಕೈ ಇಟ್ಟುಕೊಂಡಳು. ಸೋಮವಾರದ ಒಪ್ಪೊತ್ತನ್ನು ಜ್ವರದಲ್ಲೂ ಬಿಡದವಳು ಅವಳು. “ಮೊದಲೇ ಹೇಳಬಾರದೇನ್ರಿ ವೈನಿ? ಪಾಪ, ದಿನಾ ಅದರ ನೇಮ ಮುರಿಸಾಕತ್ತಿದ್ದೆ.”

ಅಂದಿನಿಂದ ಆ ಕುಂಡಕ್ಕೆ ಅವಳೇ ಕಾವಲು. ಪಕ್ಕದ ಮನೆಯಾಕೆ ಚೊಂಬು ಹಿಡಿದು ಹತ್ತಿರ ಬಂದರೆ, “ಅದು ವ್ರತದಾಗ ಅದ, ದೂರ ಇರ್ರಿ,” ಎನ್ನುತ್ತಿದ್ದಳು. ನಡುನಡುವೆ ವ್ರತ ಬಿಡಿಸುವ ದಿನವನ್ನು ಮಾತ್ರ ಮೆಹರ್ ಫೋನಿನಲ್ಲಿ ಹೇಳಬೇಕು. ಆ ದಿನ ನೀಲಮ್ಮ ಚಮಚದಲ್ಲಿ ನೀರು ಕುಡಿಸುತ್ತಿದ್ದಳು, ಮೊಮ್ಮಗುವಿಗೆ ಗುಟ್ಟಿ ಔಷಧಿ ಹಾಕಿದಂತೆ. ನನ್ನ ಬಾಟನಿ ಮಾಡದ ಕೆಲಸವನ್ನು ವ್ರತಕ್ಕೆ ಕೊಡುವ ಮರ್ಯಾದೆ ಮಾಡಿತು.

ದಸರೆ ಕಳೆದ ಮೇಲೆ ಮೆಹರ್ ಫಲಿತಾಂಶ ನೋಡಲು ಬಂದಳು. ಕಣ್ಣಿಗೆ ಸರಿಯಾಗಿ ಕಾಣದ್ದರಿಂದ ಎಲೆಗಳನ್ನು ಒಂದೊಂದೇ ಬೆರಳಲ್ಲಿ ಒತ್ತಿದಳು. ಬುಡದಲ್ಲಿ ಮೊಳೆತಿದ್ದ ಹೊಸ ಮರಿಯ ಮೇಲೆ ಬೆರಳು ನಿಂತಿತು. “ಇಲ್ಲೇ ಇರಲಿ,” ಎಂದಳು, ಅಷ್ಟೆ. ಫಸ್ಟ್ ಕ್ಲಾಸ್ ಬಂದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಹೈದರಾಬಾದಿಗೆ ಹೋದ ಮರು ವರ್ಷದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ನಾನು ಅವಳನ್ನು ಕಡೆಯ ಸಲ ನೋಡಿದ್ದು ಅವಳು ಊರು ಬಿಟ್ಟ ದಿನ, ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ. ಗಿಡದ ಬಗ್ಗೆ ಕೇಳಿಯೇ ಕೇಳುತ್ತಾಳೆಂದು ದಾರಿಯುದ್ದಕ್ಕೂ ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವಳು ಕೇಳಲೇ ಇಲ್ಲ. ಕಿಟಕಿಯ ಪಕ್ಕ ಸೀಟು ಸಿಕ್ಕಿದ್ದನ್ನು ಹೇಳಿದಳು, ನನ್ನ ಮೊಣಕಾಲು ನೋವು ವಿಚಾರಿಸಿದಳು, ನೀಲಮ್ಮ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯನ್ನು ಬಸ್ಸು ಹೊರಡುವ ಮೊದಲೇ ಬಿಚ್ಚಿ, ಅರ್ಧ ಮುರಿದು ಕಿಟಕಿಯಿಂದ ನನ್ನ ಕೈಗಿಟ್ಟಳು. ನಾನು ತಿನ್ನುತ್ತಿರುವಾಗಲೇ ಬಸ್ಸು ಹೊರಟಿತು. ಬಾಯಿ ತುಂಬ ಹೋಳಿಗೆ ಇದ್ದುದರಿಂದ ಕೈ ಬೀಸಿದೆ.