ಉಮ್ಮನಿಗೆಂದೇ ಇದ್ದ ಕ್ಯಾಮರಾ

ಮಳೆಗಾಲ ಬರುವ ಮೊದಲು ನಾನು ಒಂದು ಹಿಡಿ ಅಕ್ಕಿ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಕ್ಯಾಮರಾ ಇಡುವ ಡಬ್ಬದೊಳಗೆ ಹಾಕುತ್ತೇನೆ. ಲೆನ್ಸಿಗೆ ಫಂಗಸ್ ಹಿಡಿದರೆ ಮತ್ತೆ ಹೋಯಿತು. ಅದಕ್ಕೀಗ ಅಂಗಡಿಯಲ್ಲಿ ತೇವ ಹೀರುವ ಪೊಟ್ಟಣ ಸಿಗುತ್ತದೆ ಎಂದು ಮಗಳು ನಗುತ್ತಾಳೆ. ನಗಲಿ. ಹುರಿದ ಅಕ್ಕಿಯ ಆ ಪರಿಮಳ ಎದ್ದ ಕೂಡಲೇ ನಾನು ಮೂಡುಬಿದಿರೆಯ ಈ ಅಡುಗೆಮನೆಯಲ್ಲಿ ಇರುವುದಿಲ್ಲ; ಪಾಣೆಮಂಗಳೂರಿನ ನಮ್ಮ ಹಳೆಯ ಮನೆಯಲ್ಲಿ, ಹಸನ್ ಮಾಮನ ಬಿಸ್ಕತ್ತು ಡಬ್ಬದ ಎದುರು ಕೂತಿರುತ್ತೇನೆ. ಆ ಮನೆ ಈಗಿಲ್ಲ, ಅಲ್ಲಿ ಟೈಲ್ಸ್ ಅಂಗಡಿ ಉಂಟು. ನಿಮಗೂ ಅಂಥದ್ದೊಂದು ಜಾಗ ಇರಬಹುದು. ಬಸ್ಸು ಅಲ್ಲಿಗೆ ಬರುವಾಗ ನೀವೂ ಆಚೆ ಬದಿಯ ಕಿಟಕಿ ನೋಡುತ್ತೀರೇನೋ.

ಹಸನ್ ಮಾಮ ನನ್ನ ತಾಯಿ, ಉಮ್ಮನ ತಮ್ಮ. ದುಬೈಯಲ್ಲಿ ಕೆಲಸ ಬಿಟ್ಟು ಬಂದು ನಮ್ಮ ಮನೆಯಲ್ಲೇ ಇದ್ದರು, ಫೋಟೋದ ಹುಚ್ಚು ಬೇರೆ. ಅವರ ಡಬ್ಬದಲ್ಲಿ ಎರಡು ಕ್ಯಾಮರಾಗಳು. ದುಬೈಯಿಂದ ತಂದ ಕಪ್ಪು ಕ್ಯಾಮರಾದಲ್ಲಿ ನೇತ್ರಾವತಿ, ಸೇತುವೆ, ದೋಣಿ, ಮೂಗು ಸೋರುವ ನಾವು ಮಕ್ಕಳು. ಚರ್ಮದ ಚೀಲದ ಹಳೆಯ ಬೆಳ್ಳಿ ಬಣ್ಣದ ಕ್ಯಾಮರಾ ಉಮ್ಮನಿಗೆ ಮಾತ್ರ. ಶುಕ್ರವಾರ ಊಟವಾದ ಮೇಲೆ ಉಮ್ಮ ಒಳ್ಳೆಯ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಹಿತ್ತಿಲ ಮೆಟ್ಟಿಲಿನಲ್ಲಿ ಕೂರುವಳು. "ಬೇಗ ತೆಗಿ ಮಾರಾಯ, ಪಾತ್ರೆ ರಾಶಿ ಉಂಟು" ಎನ್ನುವಳು, ಆಮೇಲೆ ತಾನೇ "ಇನ್ನೊಂದು" ಎಂದು ಸೆರಗು ಸರಿಮಾಡುವಳು. ಮಾಮ ಮೊಣಕಾಲೂರಿ, ಉಸಿರು ಬಿಗಿಹಿಡಿದು ಒತ್ತುವರು. ಅವರ ಬೆನ್ನ ಹಿಂದೆ ನಿಂತ ನನಗೆ ಒಂದೇ ಹೊಟ್ಟೆಕಿಚ್ಚು, ಆ ಚಂದದ ಕ್ಯಾಮರಾ ನಮಗೆ ಯಾಕಿಲ್ಲ ಅಂತ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಉಮ್ಮ ತೀರಿಕೊಂಡಳು. ಆಮೇಲೆ ಮನೆಯೂ ಹೋಯಿತು, ಸಾಮಾನೆಲ್ಲ ಯಾರ್‍ಯಾರ ಪಾಲಿಗೋ. ಆದರೆ ಒಂದು ಫೋಟೋ ನನಗೆ ಸರಿಯಾಗಿ ನೆನಪುಂಟು: ಕಪ್ಪುಬಿಳುಪು, ಒಂದು ಮೂಲೆ ಮಡಚಿದೆ, ಮೆಟ್ಟಿಲ ಮೇಲೆ ಉಮ್ಮ, ಕೆನ್ನೆಗೆ ಬಿಸಿಲು, ತುಟಿ ತೆರೆಯದ ನಗು. ಭಾನುವಾರ ತೋಡಾರಿನ ಕಡೆ ಕ್ಯಾಮರಾ ಹಿಡಿದು ನಡೆಯುವಾಗ ಯಾವ ಮುದುಕಿಯ ಮುಖ ತೆಗೆದರೂ ಬೆಳಕನ್ನು ಹಾಗೇ ಕೆನ್ನೆಗೆ ಬೀಳಿಸುತ್ತೇನೆ. ಜೂಮ್ ಹಾಕುವುದಿಲ್ಲ, ಹತ್ತಿರ ಹೋಗಿಯೇ ತೆಗೆಯುವುದು, ಮಾಮನ ಹಾಗೆ.

ಮೊನ್ನೆ ಮಗಳು ಕನ್ನಡಿಯ ಎದುರು ನಿಂತು, "ನಾನು ನಿನ್ನ ಉಮ್ಮನ ಹಾಗೆ ಇದ್ದೇನಾ?" ಎಂದು ಕೇಳಿದಳು. ಆ ಫೋಟೋ ಒಮ್ಮೆ ಕೈಗೆ ಸಿಕ್ಕಿದರೆ ಸಾಕಿತ್ತು. ಫರಂಗಿಪೇಟೆಯಲ್ಲಿ ಈಗ ಮಗನ ಜೊತೆಯಿರುವ ಮಾಮನಲ್ಲಿಗೆ ಹೋದೆ.

"ಯಾವ ಫೋಟೋ?" ಎಂದರು ಮಾಮ.

"ಬೆಳ್ಳಿ ಕ್ಯಾಮರಾದ್ದು. ಶುಕ್ರವಾರ ತೆಗೀತಿದ್ರಲ್ಲ."

"ಅದರಲ್ಲಿ ರೀಲು ಎಲ್ಲಿತ್ತು ಮಾರಾಯ್ತಿ!"

ಅಲ್ಲಾಹ್, ನನಗೆ ತಲೆಬುಡ ತಿಳಿಯಲಿಲ್ಲ. ಮಾಮ ನಿಧಾನಕ್ಕೆ ಹೇಳಿದರು. ರೀಲು ತೊಳೆಯಲು ಸ್ಟುಡಿಯೋಕ್ಕೆ ಕೊಡಬೇಕು, ಅಲ್ಲಿ ಪರ ಗಂಡಸರು ತನ್ನ ಮುಖ ನೋಡುತ್ತಾರೆ, ಅದು ಮಾತ್ರ ಬೇಡ ಎಂದು ಉಮ್ಮ ಹಟ ಹಿಡಿದಿದ್ದಳಂತೆ. ಫೋಟೋ ತೆಗೆಸಿಕೊಳ್ಳುವ ಆಸೆಯೋ, ಬೇಕಾದಷ್ಟು. ಅದಕ್ಕೇ ಖಾಲಿ ಕ್ಯಾಮರಾ. ಅಕ್ಕ ತಮ್ಮ ಇಬ್ಬರಿಗೂ ಅದು ಗೊತ್ತಿತ್ತು.

"ಹಾಗಾದರೆ ನಾನು ನೋಡಿದ್ದು ಎಂತದು? ಮೂಲೆ ಮಡಚಿತ್ತಲ್ಲ ಮಾಮ!"

"ನೀನು ನನ್ನ ಹಿಂದೆಯೇ ನಿಂತಿರ್ತಿದ್ದೆ. ಅಕ್ಕ ಕೂತದ್ದನ್ನೇ ನೋಡಿದ್ದೀಯೋ ಏನೋ."

ಇಲ್ಲದ ಫೋಟೋದ ಮೂಲೆ ಹೇಗೆ ಮಡಚುತ್ತದೆ? ಬಿಸಿಲು ಬಿದ್ದ ಆ ಕೆನ್ನೆ ಉಮ್ಮನದ್ದೋ, ನಾನು ತೆಗೆದ ಯಾವುದೋ ಮುದುಕಿಯದ್ದೋ? ಇಷ್ಟು ವರ್ಷ ನಾನು ಎದೆಯೊಳಗೆ ಇಟ್ಟುಕೊಂಡದ್ದು ಯಾರನ್ನು? ನನಗೆ ಅಳು ಬಂತು. "ಹೇಗಿದ್ದಳು ಅಂತ ನೀವಾದರೂ ಹೇಳಿ" ಎಂದೆ.

"ಹೇಳ್ತೇನೆ, ಅದಕ್ಕೇನು? ಮೂಗು ನಿನ್ನದೇ. ಹುಬ್ಬು..." ಮಾಮ ತಮ್ಮ ಹುಬ್ಬು ಮುಟ್ಟಿಕೊಂಡರು. "ಅಲ್ಲ, ಹುಬ್ಬು ಕೂಡಿದ್ದು ನಮ್ಮ ತಾಯಿಯದ್ದು. ಅಕ್ಕನದ್ದು... ತಡಿ, ಈಗ ಬರ್ತದೆ." ಕಣ್ಣು ಮುಚ್ಚಿದರು, ತೆರೆದರು. ಬರಲಿಲ್ಲ. ಆಮೇಲೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ನನ್ನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡತೊಡಗಿದರು. ನಾನೂ ಅವರ ಮುಖವನ್ನೇ ನೋಡಿದೆ, ಎಲ್ಲಾದರೂ ಉಮ್ಮ ಸ್ವಲ್ಪ ಸಿಗುತ್ತಾಳೋ ಎಂದು.