ಮುದಕಪ್ಪ ಬಗ್ಗಿಸಿದ ಪೈಪು

ಭಾನುವಾರ ಬೆಳಗಿನ ಐದೂಮುಕ್ಕಾಲು. ಪೀಣ್ಯ ಎರಡನೇ ಹಂತದ ಶೆಡ್ಡುಗಳೆಲ್ಲ ಶಟರ್ ಎಳೆದುಕೊಂಡು ಮಲಗಿವೆ. ಒಂದರಲ್ಲಿ ಮಾತ್ರ ದೀಪ ಉರಿಯುತ್ತಿದೆ. ಅಲ್ಲಿ ಕಡುಹಸಿರು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರೊಂದರ ಅಡಿಯಲ್ಲಿ, ರಟ್ಟು ಹಾಸಿಕೊಂಡು ಅಂಗಾತ ಮಲಗಿದ್ದಾರೆ ಮುದಕಪ್ಪ. ಹೊರಗೆ ಕಾಣುವುದು ಹವಾಯಿ ಚಪ್ಪಲಿಯ ಎರಡು ಪಾದಗಳಷ್ಟೇ. ಆಗೊಮ್ಮೆ ಈಗೊಮ್ಮೆ ಒಂದು ಕೈ ಹೊರಬಂದು, ನೆಲ ತಡವಿ, ಬೇಕಾದ ಸ್ಪ್ಯಾನರನ್ನೇ ಎತ್ತಿಕೊಂಡು ಒಳಹೋಗುತ್ತದೆ.

ಐವತ್ತು ವರ್ಷ ದಾಟಿದ, ಎರಡೇ ಬಾಗಿಲಿನ ಕಾರಿದು. ನೆಲಕ್ಕೆ ಅಂಟಿಕೊಂಡಂತೆ ಕೂತಿರುವ ಇದರ ಸೈಲೆನ್ಸರ್ ನಮ್ಮ ಊರಿನ ಹಂಪುಗಳಿಗೆಲ್ಲ ತಲೆ ಚಚ್ಚಿಕೊಂಡು, ತುಕ್ಕು ಹಿಡಿದು, ಎಂದೋ ಉದುರಿಯೇ ಹೋಗಿದೆ. ಹಾಗಾಗಿ ಹೊಗೆಯನ್ನು ಹಿಂಬದಿಯವರೆಗೆ ಒಯ್ಯುವುದೇ ಬೇಡ, ಪಕ್ಕದಿಂದಲೇ ಬಿಡೋಣ ಎಂದು ತೀರ್ಮಾನವಾಗಿದೆ. ಹಿಂದಿನ ಚಕ್ರಕ್ಕಿಂತ ಮುಂಚೆ, ಬಲಬಾಗಿಲಿನ ಕೆಳಗಿನಿಂದ ಪೈಪಿನ ಬಾಯಿ ಹೊರಗೆ ಇಣುಕಬೇಕು. ಇಂಥ ಪೈಪು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಕೈಯಲ್ಲೇ ಬಗ್ಗಿಸಬೇಕು. ಹಾಗೆ ಬಗ್ಗಿಸುವವರು ಪೀಣ್ಯದಲ್ಲೀಗ ಬೆರಳೆಣಿಕೆಯಷ್ಟು ಜನ.

ಮುದಕಪ್ಪ ರೋಣ ತಾಲ್ಲೂಕಿನವರು. ಹದಿನೆಂಟಕ್ಕೆ ಪೀಣ್ಯದ ಬಸ್ಸು ಹತ್ತಿದವರಿಗೆ ಈಗ ನಲವತ್ತಾರು. ಹೆಂಡತಿ ಮಹಾನಂದಾ ಮಾದನಾಯಕನಹಳ್ಳಿಯ ಗೋದಾಮೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾರೆ. ಬಾಡಿಗೆಯ ಒಂದು ಕೋಣೆಯ ಮನೆಯೂ ಅಲ್ಲೇ. ವಾರದ ಆರು ದಿನ ಮುದಕಪ್ಪನ ಪಾಲಿಗೆ ಬರುವುದು ಲಾರಿ, ಗೂಡ್ಸ್ ಆಟೋಗಳ ತೂತುಬಿದ್ದ ಸೈಲೆನ್ಸರು. ದಿನಕ್ಕೆ ಏಳೆಂಟಕ್ಕೆ ತೇಪೆ ಹಾಕುತ್ತಾರೆ. ಮುಂಗೈ ತುಂಬ ಕಿಡಿ ಹಾರಿದ ಚುಕ್ಕೆಗಳು. ಬಲಗಿವಿ ಮಂದ, ಮಾತಾಡುವವರು ಎಡಕ್ಕೆ ನಿಲ್ಲಬೇಕು. ಇಷ್ಟಾದರೂ ಕಿವಿಗಡಚಿಕ್ಕುವ ಸೈಲೆನ್ಸರ್ ಬೇಕೆಂದು ಬುಲೆಟ್ ತಂದು ನಿಲ್ಲಿಸುವ ಹುಡುಗರಿಗೆ ಇವರಲ್ಲಿ ಜಾಗವಿಲ್ಲ.

"ನನ್ನ ಕಿವಿ ಹೋಗೇತ್ರಿ, ಸಾಕಲ್ಲ. ಊರ ಮಂದೀದು ಯಾಕ?" ಎನ್ನುತ್ತಾರೆ.

ಇವರ ಕೆಲಸ ನೋಡಲು ತಾಳ್ಮೆ ಬೇಕು. ಮೊದಲು ದಪ್ಪ ಕಂಬಿಯೊಂದನ್ನು ಕಾರಿನಡಿ ಹೊಗಿಸಿ, ಪೈಪು ಹೋಗಬೇಕಾದ ದಾರಿಯನ್ನು ಅದರಲ್ಲೇ ತಿದ್ದಿಕೊಳ್ಳುತ್ತಾರೆ. ಅಳತೆಯೆಲ್ಲ ಬೆರಳಿನಲ್ಲಿ. ಆಮೇಲೆ ಬಾಣಲೆಯಲ್ಲಿ ಮರಳು ಹುರಿಯುತ್ತಾರೆ! ಹುರಿದ ಮರಳನ್ನು ಪೈಪಿಗೆ ತುಂಬಿ, ಕುಟ್ಟಿ, ಎರಡೂ ತುದಿಗೆ ಮರದ ಬೆಣೆ ಹೊಡೆದು, ಕೆಂಪಗೆ ಕಾಯಿಸಿ ಬಗ್ಗಿಸುತ್ತಾರೆ. ಒಳಗೆ ಮರಳಿದ್ದರೆ ಪೈಪು ತಿರುವಿನಲ್ಲಿ ಚಪ್ಪಟೆಯಾಗುವುದಿಲ್ಲ. ಮರಳಿನಲ್ಲಿ ಪಸೆ ಉಳಿದಿದ್ದರೆ ಮಾತ್ರ ಆವಿ ತುಂಬಿ ಬೆಣೆ ಗುಂಡಿನಂತೆ ಹಾರುತ್ತದೆ. ಎದುರಿಗಿದ್ದವರನ್ನು ದೇವರೇ ಕಾಯಬೇಕು.

ಇನ್ನೊಂದು ಪದ್ಧತಿಯೂ ಇದೆ. ಕೊನೆಯ ಬೆಸುಗೆಗೆ ಮುಂಚೆ ಗಾಡಿಯ ಯಜಮಾನನನ್ನು ಕರೆಸಿ ಸೀಟಿನಲ್ಲಿ ಕೂರಿಸುತ್ತಾರೆ. ಮನುಷ್ಯ ಕೂತರೆ ಗಾಡಿ ಕೆಳಗಿಳಿಯುತ್ತದೆ, ಆಗ ಪೈಪಿಗೂ ನೆಲಕ್ಕೂ ಎಷ್ಟು ಜಾಗ ಉಳಿಯಿತೆಂದು ಅಡಿಯಲ್ಲಿ ಮಲಗಿ ನೋಡುತ್ತಾರೆ. ಶುಕ್ರವಾರ ಹಾಗೆಯೇ ಕೂರಿಸಿ ನೋಡಿದ್ದಾರೆ. ಜಾಗ ಸರಿಯಾಗಿದೆ. ಶನಿವಾರ ಸಂಜೆ ಬೆಸುಗೆಯೂ ಮುಗಿದಿದೆ.

ಆರೂವರೆಗೆ ಯಜಮಾನರು ಬರುತ್ತಾರೆ. ಸರ್ಕಾರಿ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದ ದ್ವಾರಕಾನಾಥ. ಗುಜರಿಯಲ್ಲಿ ಬಿದ್ದಿದ್ದ ಈ ಕಾರನ್ನು ತಂದು ಹನ್ನೊಂದು ವರ್ಷ ತಿದ್ದಿ ತೀಡಿದವರು. ಇವತ್ತು ಹತ್ತು ಗಂಟೆಗೆ ನಗರದಲ್ಲಿ ಹಳೆಯ ಕಾರುಗಳ ಮೆರವಣಿಗೆ. ಅವರ ಕಾರು ಮೊದಲ ಸಲ ನಾಲ್ಕು ಜನರ ಕಣ್ಣಿಗೆ ಬೀಳಬೇಕಾದ ದಿನ. ಮಡಿ ಪಂಚೆಯುಟ್ಟು, ಹೆಂಡತಿ ಭಾನುಮತಿಯವರ ಕೈಯಲ್ಲಿ ಹೂವು, ನಿಂಬೆಹಣ್ಣು ಹಿಡಿಸಿಕೊಂಡು ಬಂದಿದ್ದಾರೆ. ಮದುವೆಯ ದಿನವೂ ಅಷ್ಟು ಸಡಗರವಿತ್ತೋ ಇಲ್ಲವೋ!

ಎಂಜಿನ್ ಶುರುವಾಗುತ್ತದೆ. ಗಂಭೀರವಾದ, ಹದವಾದ ಸದ್ದು. ದ್ವಾರಕಾನಾಥರ ಕಣ್ಣು ತುಂಬುತ್ತದೆ. ಕಾಲು ಗಂಟೆ ಎಂಜಿನ್ ಓಡಲು ಬಿಟ್ಟು ಅವರು ಕೆಳಗಿಳಿಯುತ್ತಾರೆ. ಮಂಡಿ ಆಪರೇಷನ್ ಆದವರು, ಎಲ್ಲರಂತೆ ಇಳಿಯಲಾರರು. ಎರಡೂ ಕಾಲು ಹೊರಗಿಟ್ಟು, ಬಾಗಿಲು ಹಿಡಿದು, ಬಲ ಹಿಮ್ಮಡಿಯನ್ನು ಹಿಂದಕ್ಕೆ ಸರಿಸಿ ಊರಿ ಮೇಲೇಳುತ್ತಾರೆ. ಹಾಗೆ ಸರಿಸಿದಾಗ ಪಂಚೆಯ ಅಂಚು ಪೈಪಿನ ಬಾಯಿಗೆ ಸೋಕುತ್ತದೆ. ಕ್ಷಣಮಾತ್ರ. ನಾಣ್ಯದಗಲದ ಕಂದು ಕಲೆ.

ಅವರಿಗೆ ಗೊತ್ತಾಗುವುದಿಲ್ಲ. ಭಾನುಮತಿಯವರು ಫೋಟೊ ತೆಗೆಯುವುದರಲ್ಲಿದ್ದಾರೆ. ನೋಡಿದವರು ಮುದಕಪ್ಪ ಒಬ್ಬರೇ. ಲಾರಿಯ ಡ್ರೈವರ್ ಎಲ್ಲೋ ಮುಂದೆ ಇಳಿಯುತ್ತಾನೆ, ಪೈಪು ಎಲ್ಲೋ ಹಿಂದಿರುತ್ತದೆ. ಇಪ್ಪತ್ತೆಂಟು ವರ್ಷದಲ್ಲಿ ಇಳಿಯುವವರ ಕಾಲು ನೋಡುವ ಪ್ರಸಂಗವೇ ಬಂದಿಲ್ಲ. ಶುಕ್ರವಾರ ಈ ಹಿರಿಯರು ಇಳಿಯುವಾಗಲೂ ತಾವು ಕಾರಿನಡಿಯಲ್ಲೇ ಇದ್ದರು. "ಕುಂದರಿಸಿ ನೋಡಿದ್ನಿ, ಇಳಿಸಿ ನೋಡಲಿಲ್ಲ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ.

ಸುಮ್ಮನಿದ್ದರೆ ಆಗುತ್ತಿತ್ತು. ಎಲ್ಲರೂ ನಗುನಗುತ್ತ ಹೋಗುತ್ತಿದ್ದರು.

"ಸರ, ಗಾಡಿ ಈಗ ಒಯ್ಯಂಗಿಲ್ರಿ. ಪೈಪ್ ಕೊಯ್ಯಬೇಕು. ತಪ್ಪು ನಂದು."

"ತಮಾಷೆ ಮಾಡ್ತಿದ್ದೀಯೇನಪ್ಪಾ? ಹತ್ತು ಗಂಟೆಗೆ ನಾನು ಅಲ್ಲಿರ್ಬೇಕು!"

ಮುದಕಪ್ಪ ಬಗ್ಗಿ ಪಂಚೆಯ ಅಂಚನ್ನು ತೋರಿಸುತ್ತಾರೆ. ದ್ವಾರಕಾನಾಥ ಅದನ್ನು ಮಡಿಚಿ ಮರೆಮಾಡಲು ನೋಡುತ್ತಾರೆ.

"ಜೋಪಾನವಾಗಿ ಇಳೀತೀನಿ ಕಣಯ್ಯಾ. ನಾಳೆ ಬೆಳಿಗ್ಗೇನೇ ತಂದು ನಿಲ್ಲಿಸ್ತೀನಿ, ಸರಿಮಾಡು."

"ಇಲ್ಲಿ ಜ್ವಾಪಾನ ಇಳೀತೀರಿ. ಅಲ್ಲಿ ಮಂದಿ ಸುತ್ತ ನಿಂತಾಗ ಮರೀತೀರಿ. ಮಂಡಿ ಸೋತು ಕಾಲು ಅಲ್ಲೇ ನಿಂತರ ಚರ್ಮ ಕಿತ್ತು ಬರತೈತ್ರಿ."

ದ್ವಾರಕಾನಾಥರಿಗೆ ಸಿಟ್ಟು ಬರುತ್ತದೆ. ಹನ್ನೊಂದು ವರ್ಷ ಕಾದಿದ್ದೇನೆ, ನಿನಗೇನು ಗೊತ್ತು ಎಂದು ರೇಗುತ್ತಾರೆ. ಮುದಕಪ್ಪ ಕಾರಿನ ಮುಂದೆ ಹೋಗಿ ನಿಲ್ಲುತ್ತಾರೆ, ಸರಿಯುವುದಿಲ್ಲ. ಕೊನೆಗೆ ಭಾನುಮತಿಯವರೇ ಗಂಡನ ಕೈಯಿಂದ ಕೀಲಿ ತೆಗೆದುಕೊಂಡು ಮುದಕಪ್ಪನ ಕೈಗಿಡುತ್ತಾರೆ. "ಮಾಡಪ್ಪಾ. ಕಾಲು ಸುಟ್ಕೊಂಡ್ರೆ ಇವ್ರನ್ನ ಎತ್ತಿ ಓಡಾಡ್ಸೋಳು ನಾನು" ಎಂದು ಹೇಳಿ ಒಬ್ಬರೇ ಆಟೋ ಹಿಡಿದು ಮನೆಗೆ ಹೋಗುತ್ತಾರೆ.

ತಾವೇ ಹಾಕಿದ ಬೆಸುಗೆಯನ್ನು ಕೊಯ್ಯುವಾಗ ಮುದಕಪ್ಪನ ಮುಖ ನೋಡಲಾಗುವುದಿಲ್ಲ. ಪೈಪನ್ನು ಎಡಬಾಗಿಲಿನ ಕಡೆಗೆ ತಿರುಗಿಸಿ ಪಾರಾಗುವ ಹಾಗೂ ಇಲ್ಲ. ನಮ್ಮ ರಸ್ತೆಗಳಲ್ಲಿ ಎಡಪಕ್ಕ ಬಸ್ಸಿಗೆ ಕಾಯುವವರದ್ದು, ಹೊಗೆ ಅವರ ಮೇಲೆ ಹೋಗಬಾರದು. ಮತ್ತೆ ಕಂಬಿ, ಮತ್ತೆ ಬಾಣಲೆ, ಮತ್ತೆ ಮರಳು. ಈ ಸಲ ಪೈಪಿನ ಬಾಯಿಯನ್ನು ಚಕ್ರದ ಕಡೆಗೆ ಎಂಟು ಬೆರಳು ಸರಿಸಿ, ಮೂರು ಬೆರಳು ಒಳಗೆ ಎಳೆಯುತ್ತಾರೆ. ಮೇಲಿಂದ ತೂತುತೂತಿನ ತಗಡಿನ ಹೊದಿಕೆ, ಅದು ಪೈಪಿಗೆ ತಾಗದಂತೆ ನಡುವೆ ಒಂದು ಬೆರಳು ಗಾಳಿ; ಪೈಪು ಕಾದರೂ ಹೊದಿಕೆ ಕಾಯದು. ಗೋಡೆ ಗಡಿಯಾರದಲ್ಲಿ ಹತ್ತು ಗಂಟೆಯಾಗುತ್ತದೆ. ಸ್ಟೂಲಿನ ಮೇಲೆ ಕೂತ ದ್ವಾರಕಾನಾಥ ಅತ್ತ ನೋಡದೆ ಫೋನ್ ಆಫ್ ಮಾಡುತ್ತಾರೆ. ಮುದಕಪ್ಪ ನೋಡುತ್ತಾರೆ, ನೋಡಿ ತಲೆ ತಗ್ಗಿಸುತ್ತಾರೆ.

ಕೆಲಸ ಮುಗಿದಾಗ ಹನ್ನೆರಡೂವರೆ. ಎಂಜಿನ್ ಕಾಯಿಸಿ, ದ್ವಾರಕಾನಾಥರನ್ನು ಏಳು ಸಲ ಹತ್ತಿಸಿ ಏಳು ಸಲ ಇಳಿಸುತ್ತಾರೆ. ಈ ಸಲ ಮುದಕಪ್ಪ ಕಾರಿನಡಿಯಲ್ಲಿಲ್ಲ, ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಹಿಮ್ಮಡಿಯನ್ನೇ ನೋಡುತ್ತಿದ್ದಾರೆ. ಏಳನೆಯ ಸಲಕ್ಕೆ ಹಿರಿಯರ ಸಿಟ್ಟು ಎಲ್ಲಿ ಹೋಯಿತೋ, ನಗು ಬಂದುಬಿಡುತ್ತದೆ.

"ಮೆರವಣಿಗೆ ಅಂತೂ ಮುಗೀತು. ಹತ್ತಯ್ಯಾ, ನಿನ್ನನ್ನೇ ಮನೇಗೆ ಬಿಡ್ತೀನಿ."

ಕೆಲಸ ಮಾಡಿದ ಗಾಡಿಯ ಸೀಟಿನಲ್ಲಿ ಮುದಕಪ್ಪ ಇದುವರೆಗೆ ಕೂತವರಲ್ಲ. ಬಟ್ಟೆಯ ಮಸಿ ತಾಗದಿರಲೆಂದು ಹಳೆಯ ಪೇಪರ್ ಹಾಸಿಕೊಂಡು ಕೂರುತ್ತಾರೆ. ಕಾರು ತುಮಕೂರು ರಸ್ತೆ ಹಿಡಿಯುತ್ತದೆ. ಮಾದನಾಯಕನಹಳ್ಳಿಯ ಆ ಸಣ್ಣ ಓಣಿಯಲ್ಲಿ ಕಾರು ನಿಂತಾಗ ನೀರು ಹಿಡಿಯುತ್ತಿದ್ದ ಮಹಾನಂದಾ ಕೊಡ ಬಿಟ್ಟು ಓಡಿಬರುತ್ತಾರೆ. ಅಕ್ಕಪಕ್ಕದವರೂ ಸೇರುತ್ತಾರೆ. ದ್ವಾರಕಾನಾಥ ಇಳಿದು, "ಬಾಮ್ಮಾ, ಸ್ಟೀರಿಂಗ್ ಹಿಡ್ಕೊಂಡು ಕೂತ್ಕೋ, ಒಂದು ಫೋಟೊ ತೆಗೀತೀನಿ" ಎನ್ನುತ್ತಾರೆ. ಬೇಡ ಬೇಡವೆನ್ನುತ್ತಲೇ ಮಹಾನಂದಾ ಕೂತು, ನಾಚಿ ನಗುತ್ತಾರೆ; ಫೋಟೊ ಆಗುತ್ತದೆ.

ಇಳಿಯುವಾಗ ಮಹಾನಂದಾ ಹೊರಗೆ ಇಣುಕಿ ಪೈಪು ನೋಡುತ್ತಾರೆ. ಇನ್ನೂ ಬಿಸಿ ಹೊಮ್ಮುತ್ತಿದೆ. ಸೈಲೆನ್ಸರ್ ಕಂಡ ಹೆಂಗಸರೆಲ್ಲ ಮಾಡುವಂತೆ ಸೀರೆಯ ನೆರಿಗೆಯನ್ನು ಮುಷ್ಟಿಯಲ್ಲಿ ಮೇಲಕ್ಕೆ ಎತ್ತಿ ಹಿಡಿಯುತ್ತಾರೆ.

"ಸೀರಿ ಬಿಡು," ಎನ್ನುತ್ತಾರೆ ಮುದಕಪ್ಪ. "ಬಿಟ್ಟು ಆರಾಮ ಇಳಿ. ಸುಡಂಗಿಲ್ಲ. ನಾ ಮಾಡಿದ್ದೈತಿ."

ಮಹಾನಂದಾ ಗಂಡನ ಮುಖವನ್ನೊಮ್ಮೆ ನೋಡಿ, ನೆರಿಗೆ ಕೈಬಿಟ್ಟು, ಇಳಿಯುತ್ತಾರೆ.